ನಾಲ್ಕು ಫೈಲು, ಒಂದು ಫೋಲ್ಡರು: ಡೊಂಬಿವಲಿಯ ವಾಚನಾಲಯಕ್ಕೆ ಡೆಬಿಯನ್ ಐಎಸ್‌ಒ ತಿದ್ದಿದ ಬಗೆ

ಮುಂಬಯಿ ಬಳಿಯ ಡೊಂಬಿವಲಿಯ ಕನ್ನಡ ಸಂಘವೊಂದರ ವಾಚನಾಲಯಕ್ಕೆ ದಾನವಾಗಿ ಬಂದದ್ದು ಎಂಟು ಯಂತ್ರ. ಅದರಲ್ಲಿ ಆರು ಇಂಟೆಲ್ ಜಿ41 ಬೋರ್ಡಿನ ಕೋರ್ 2 ಡ್ಯುಯೋ ಡೆಸ್ಕ್‌ಟಾಪು, ಎರಡು ಆಟಮ್ ಎನ್270 ನೆಟ್‌ಬುಕ್ಕು. ಇವುಗಳ ಮುಂದೆ ಕೂರುವವರಲ್ಲಿ ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಕಾಲದಿಂದ ಕೆ.ಪಿ. ರಾವ್ ಕೀಲಿಮಣೆಯಲ್ಲಿ ಕೈ ಪಳಗಿದ ಹಿರಿಯರಿದ್ದಾರೆ, ಶಾಲೆಯಲ್ಲಿ ಮರಾಠಿ ಕಲಿತು ಮನೆಯಲ್ಲಿ ಕನ್ನಡವೋ ತುಳುವೋ ಆಡುವ ಮಕ್ಕಳಿದ್ದಾರೆ, ಪುಸ್ತಕಗಳ ಪಟ್ಟಿ ತುಂಬಿಸುವ ಗ್ರಂಥಪಾಲಕರೂ ಇದ್ದಾರೆ. ಎಂಟೂ ಯಂತ್ರ ಒಂದೇ ರೀತಿ ನಡೆಯಬೇಕು. ನಾಳೆ ಒಂದು ಕೆಟ್ಟರೆ, ಅಲ್ಲಿರುವ ಯಾರೇ ಆಗಲಿ ಪೆನ್‌ಡ್ರೈವ್ ಚುಚ್ಚಿ ಮತ್ತೆ ಮೊದಲಿನಂತೆ ಮಾಡುವಂತಿರಬೇಕು. ಹಾಗಾಗಿ ಒಂದೊಂದಕ್ಕೂ ಕೈಯಿಂದ ಇನ್‌ಸ್ಟಾಲ್ ಮಾಡುವ ಬದಲು, ಡೆಬಿಯನ್ ಲಿನಕ್ಸನ್ನು ಇನ್‌ಸ್ಟಾಲ್ ಮಾಡುವ ಐಎಸ್‌ಒ ಇಮೇಜನ್ನೇ, ಅಂದರೆ ಇನ್‌ಸ್ಟಾಲ್ ಡಿಸ್ಕಿನ ಪೂರ್ತಿ ನಕಲಿರುವ ಒಂದೇ ಫೈಲನ್ನು, ತಿದ್ದುವ ದಾರಿ ಹಿಡಿದದ್ದು.

ಆವೃತ್ತಿಯನ್ನು ತೀರ್ಮಾನಿಸಿದ್ದು ನೆಟ್‌ಬುಕ್ಕುಗಳು. ಎನ್270 ಬರೀ 32 ಬಿಟ್ ಪ್ರೊಸೆಸರ್. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗೆ ಇನ್‌ಸ್ಟಾಲರ್ ಇಲ್ಲ, 12ರಲ್ಲಿ ಇದೆ. 12ಕ್ಕೆ ಎಲ್‌ಟಿಎಸ್ ಎಂಬ ದೀರ್ಘಾವಧಿಯ ಭದ್ರತಾ ಅಪ್‌ಡೇಟು 2028ರ ಜೂನ್‌ವರೆಗೆ ಉಂಟು. ಎಂಟರಲ್ಲೂ ಒಂದೇ ಆವೃತ್ತಿ ಇರಲಿ ಎಂದು 12ರ ನೆಟ್‌ಇನ್ಸ್ಟ್ ಇಮೇಜು (ಉಳಿದದ್ದನ್ನು ಇಂಟರ್ನೆಟ್ಟಿನಿಂದ ಎಳೆಯುವ ಚಿಕ್ಕ ಇಮೇಜು) ಎರಡು ಇಳಿಸಿಕೊಂಡೆವು: 64 ಬಿಟ್‌ನದೊಂದು, 32 ಬಿಟ್‌ನದೊಂದು. ಇಳಿಸಿದ ಕೂಡಲೇ ಫೈಲಿನ ಬೆರಳಚ್ಚಿನಂಥ ಎಸ್‌ಎಚ್‌ಎ512 ಮೊತ್ತ ತಾಳೆ ನೋಡಿ. ಅರ್ಧಂಬರ್ಧ ಇಳಿದ ಇಮೇಜನ್ನು ತಿದ್ದಲು ಕೂತರೆ ತಪ್ಪು ತಿದ್ದುಪಡಿಯದೋ ಇಮೇಜಿನದೋ ಎಂದು ತಿಳಿಯದೆ ಇಡೀ ದಿನ ಹಾಳಾಗುತ್ತದೆ.

ಮೊದಲು ಯಂತ್ರ

ಆರು ಡೆಸ್ಕ್‌ಟಾಪಿಗೆ ಆರು 240 ಜಿಬಿ ಸಾಟಾ ಎಸ್‌ಎಸ್‌ಡಿ, ಆರು ಸಿಆರ್2032 ಬಿಲ್ಲೆ ಬ್ಯಾಟರಿ, ತಲಾ ಎರಡು 2 ಜಿಬಿ ಡಿಡಿಆರ್3 ರ್‍ಯಾಮ್. ಮುಂಬಯಿಯ ಲ್ಯಾಮಿಂಗ್ಟನ್ ರೋಡಿನಲ್ಲಿ ಇವೆಲ್ಲ ಸಿಗುತ್ತವೆ. 4 ಜಿಬಿಯ ರ್‍ಯಾಮ್ ಕೊಳ್ಳುವವರು ಒಂದು ವಿಷಯ ನೋಡಿಕೊಳ್ಳಿ: ಜಿ41 ಚಿಪ್‌ಸೆಟ್ಟಿಗೆ ಎರಡೂ ಬದಿ ಸೇರಿ 16 ಚಿಪ್ ಇರುವ ಹಳೆಯ ಮಾದರಿಯೇ ಬೇಕು. ಎಂಟೇ ಚಿಪ್‌ನ ಹೊಸ ಮಾದರಿ ಹಾಕಿದರೆ ಬೋರ್ಡು ಬೀಪ್ ಹೊಡೆದು ನಿಲ್ಲುತ್ತದೆ, ಇಲ್ಲವೇ ಅರ್ಧ ಗಾತ್ರವನ್ನಷ್ಟೇ ತೋರಿಸುತ್ತದೆ. ಚಿಪ್ಪಿನ ಸಾಂದ್ರತೆ ಆ ಚಿಪ್‌ಸೆಟ್ಟಿನ ಮಿತಿ ಮೀರಿರುವುದೇ ಕಾರಣ. ಅಂಗಡಿಯಲ್ಲಿ ಕವರ್ ಬಿಚ್ಚಿಸಿ ಎಣಿಸಿಯೇ ದುಡ್ಡು ಕೊಡಿ.

ಮುಂಬಯಿಯ ಮಳೆಗಾಲ ಕಂಡ ಬೋರ್ಡುಗಳಲ್ಲಿ ರ್‍ಯಾಮಿನ ಚಿನ್ನದ ಬೆರಳುಗಳ ಮೇಲೆ ಮಬ್ಬು ಕೂತಿರುತ್ತದೆ. ಪೆನ್ಸಿಲಿನ ರಬ್ಬರಿನಿಂದ ಉಜ್ಜಿ, ಪುಡಿಯನ್ನು ಬ್ರಷ್‌ನಿಂದ ಕೊಡವಿ ಕೂರಿಸಿ. ಬಿಲ್ಲೆ ಬ್ಯಾಟರಿ ಬದಲಿಸುವುದನ್ನು ಮುಂದೂಡಬೇಡಿ. ಬ್ಯಾಟರಿ ಸತ್ತರೆ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಓಡುತ್ತದೆ, ಆಗ ಡೆಬಿಯನ್ನಿಗೆ ತಂತ್ರಾಂಶ ಇಳಿಸಿಕೊಡುವ ಎಪಿಟಿ ತನ್ನ ರೆಪೊಸಿಟರಿಯ (ತಂತ್ರಾಂಶ ಭಂಡಾರದ) ಪಟ್ಟಿ ಓದಿ, ಇದು ಇನ್ನೂ ಜಾರಿಗೆ ಬಂದಿಲ್ಲ ಎಂದು ತಳ್ಳಿಹಾಕುತ್ತದೆ. ನೋಡುವವರಿಗೆ ಅದು ನೆಟ್‌ವರ್ಕಿನ ತೊಂದರೆಯಂತೆ ಕಾಣುತ್ತದೆ. ಮೂಲ ಇರುವುದು ಬೋರ್ಡಿನ ಮೇಲಿನ ಆ ಬಿಲ್ಲೆಯಲ್ಲಿ.

ಜಿ41ರ ಜೊತೆ ಬರುವ ಐಸಿಎಚ್7 ಚಿಪ್ಪಿನಲ್ಲಿ ಸಾಟಾ ಡಿಸ್ಕಿನ ಹೊಸ ಮೋಡಾದ ಎಎಚ್‌ಸಿಐ ಇಲ್ಲ. ಎಸ್‌ಎಸ್‌ಡಿ ಐಡಿಇ ಮೋಡಿನಲ್ಲೇ ಓಡುತ್ತದೆ, ಬಯಾಸಿನಲ್ಲಿ ಹುಡುಕಿ ದಣಿಯುವುದು ಬೇಡ.

ಇಡೀ ಇಮೇಜು ಬಿಚ್ಚಬೇಕಾಗಿಲ್ಲ

ಐಎಸ್‌ಒ ತಿದ್ದುವುದೆಂದರೆ ಎಲ್ಲವನ್ನೂ ಒಂದು ಫೋಲ್ಡರಿಗೆ ಸುರಿದು, ತಿದ್ದಿ, ಮತ್ತೆ ಕಟ್ಟುವುದು ಎಂಬ ಪದ್ಧತಿ ಬಹಳ ಹಳೆಯದು. ಎಡವುವುದೂ ಅಲ್ಲೇ. ನಕ್ಷತ್ರ ಚಿಹ್ನೆ ಕೊಟ್ಟು ಕಾಪಿ ಮಾಡಿದರೆ ಚುಕ್ಕೆಯಿಂದ ಶುರುವಾಗುವ ಡಿಸ್ಕ್ ಎಂಬ ಗುಪ್ತ ಫೋಲ್ಡರು ಹಿಂದೆ ಉಳಿಯುತ್ತದೆ. ಅದರೊಳಗಿನ ಇನ್ಫೋ ಫೈಲು ಕಾಣದಿದ್ದರೆ ಇನ್‌ಸ್ಟಾಲರ್ ತನ್ನ ಡಿಸ್ಕನ್ನೇ ಗುರುತಿಸುವುದಿಲ್ಲ. ಮತ್ತೆ ಕಟ್ಟುವಾಗ ಬೂಟ್ ಆಯ್ಕೆಗಳಲ್ಲಿ ಒಂದು ತಪ್ಪಿದರೂ ಇಮೇಜು ವರ್ಚುವಲ್ ಯಂತ್ರದಲ್ಲಿ ಸಿಡಿಯಂತೆ ಚೆನ್ನಾಗಿ ಓಡಿ, ಪೆನ್‌ಡ್ರೈವಿಗೆ ಹೋದ ಮೇಲೆ ಬೂಟ್ ಆಗುವುದೇ ಇಲ್ಲ. ಕಾರಣ ಇಷ್ಟು: ಸಿಡಿಗೆ ಎಲ್ ಟೊರಿಟೊ ಎಂಬ ಬೂಟ್ ದಾಖಲೆ ಸಾಕು. ಪೆನ್‌ಡ್ರೈವನ್ನು ಬಯಾಸು ಹಾರ್ಡ್‌ಡಿಸ್ಕೆಂದೇ ಓದುವುದರಿಂದ ಇಮೇಜಿನ ಮೊದಲ ಸೆಕ್ಟರಿನಲ್ಲಿ ಎಂಬಿಆರ್ ಬೂಟ್ ಕೋಡು ಬೇಕು, ಹೊಸ ಯಂತ್ರಗಳಲ್ಲಿ ಬಯಾಸಿನ ಜಾಗಕ್ಕೆ ಬಂದ ಯುಇಎಫ್‌ಐಗೆ ಪಾರ್ಟಿಷನ್ ಪಟ್ಟಿಯಲ್ಲಿ ಇಎಫ್‌ಐ ಭಾಗವೂ ಬೇಕು. ಡೆಬಿಯನ್ನಿನ ಮೂಲ ಇಮೇಜಿನಲ್ಲಿ ಈ ಮೂರೂ ಇವೆ, ನಾವೇ ಕಟ್ಟುವಾಗ ಕಳೆದುಹೋಗುವಂಥವು.

ಆದ್ದರಿಂದ ಮೂಲ ಇಮೇಜಿನಲ್ಲಿ ಬದಲಾಗಬೇಕಾದ ಫೈಲುಗಳನ್ನು ಮಾತ್ರ ಹೊರತೆಗೆದು, ತಿದ್ದಿ, ಅದೇ ಜಾಗದಲ್ಲಿ ಕೂರಿಸಬೇಕು. ಎಕ್ಸ್‌ಒರಿಸೋ ಇದಕ್ಕೇ ಹೇಳಿ ಮಾಡಿಸಿದ ಸಾಧನ. ಬದಲಾದದ್ದು ನಾಲ್ಕೇ ಫೈಲು: ಇನ್‌ಸ್ಟಾಲ್.ಎಎಂಡಿ ಫೋಲ್ಡರಿನ ಇನಿಟ್‌ಆರ್‌ಡಿ.ಜಿಝಡ್ (ಬೂಟ್ ಆಗುವಾಗ ಮೊದಲು ಮೆಮೊರಿಗೆ ಬರುವ, ಇನ್‌ಸ್ಟಾಲರ್ ಇರುವ ಫೈಲುಗಳ ಕಟ್ಟು), ಬೂಟ್ ಮೆನು ತೋರಿಸುವ ಐಸೊಲಿನಕ್ಸ್ ಫೋಲ್ಡರಿನ ಟಿಎಕ್ಸ್‌ಟಿ.ಸಿಎಫ್‌ಜಿ, ಅದೇ ಕೆಲಸದ ಗ್ರಬ್‌ಗೆಂದು ಬೂಟ್ ಫೋಲ್ಡರಿನೊಳಗಿರುವ ಗ್ರಬ್.ಸಿಎಫ್‌ಜಿ, ಬೇರಿನಲ್ಲಿ (ಎಲ್ಲಕ್ಕೂ ಮೇಲಿನ ಫೋಲ್ಡರಿನಲ್ಲಿ) ಇರುವ ಎಂಡಿ5ಸಮ್.ಟಿಎಕ್ಸ್‌ಟಿ. ಇವುಗಳ ಜೊತೆಗೆ ‘ಓದು’ ಎಂಬ ನಮ್ಮದೊಂದು ಫೋಲ್ಡರು. ಅದರ ಹೆಸರನ್ನು ಇಮೇಜಿನೊಳಗೆ ಇಂಗ್ಲಿಷ್ ಅಕ್ಷರದಲ್ಲೇ ಇಡಿ.

ಎಕ್ಸ್‌ಒರಿಸೋಗೆ ಓಎಸ್‌ಐರಾಕ್ಸ್ ಆನ್ ಎಂಬ ಆಯ್ಕೆ ಕೊಟ್ಟು, ಇನ್‌ಡೆವ್ ಎಂದು ಮೂಲ ಇಮೇಜನ್ನು ತೋರಿಸಿ, ಎಕ್ಸ್‌ಟ್ರಾಕ್ಟ್ ಎಂಬುದರಿಂದ ಒಂದೊಂದೇ ಫೈಲನ್ನು ಹೊರಗೆ ತೆಗೆಯಬಹುದು. ಹೊರಬಂದ ಫೈಲು ಓದಲು ಮಾತ್ರ ಸಿಗುವಂಥದ್ದಾಗಿರುತ್ತದೆ, ಮೊದಲು ಸಿಎಚ್‌ಮಾಡ್‌ನಿಂದ ಬರೆಯುವ ಅನುಮತಿ ಕೊಡಿ.

ಉತ್ತರಪತ್ರಿಕೆ ಎಲ್ಲಿರಬೇಕು

ಡೆಬಿಯನ್ ಇನ್‌ಸ್ಟಾಲರ್ ಕೇಳುವ ಪ್ರಶ್ನೆಗಳಿಗೆ ಮೊದಲೇ ಬರೆದಿಟ್ಟ ಉತ್ತರಗಳ ಫೈಲಿಗೆ ಪ್ರಿಸೀಡ್ ಎಂದು ಹೆಸರು. ಇದನ್ನು ಸಿಡಿಯ ಬೇರಿನಲ್ಲಿಟ್ಟು ಬೂಟ್ ಸಾಲಿನಲ್ಲಿ ಅದರ ದಾರಿ ಬರೆಯಬಹುದು. ಆದರೆ ಸಿಡಿಯನ್ನು ಇನ್‌ಸ್ಟಾಲರ್ ತೆರೆಯುವುದು ಭಾಷೆ, ದೇಶ, ಕೀಲಿಮಣೆ ಕೇಳಿದ ಮೇಲೆ, ಆ ಮೂರರ ಉತ್ತರ ಅಷ್ಟು ಹೊತ್ತಿಗೆ ತಲುಪಿರುವುದಿಲ್ಲ. ಇನಿಟ್‌ಆರ್‌ಡಿಯ ಬೇರಿನಲ್ಲೇ ಪ್ರಿಸೀಡ್.ಸಿಎಫ್‌ಜಿ ಇದ್ದರೆ ಮೊದಲ ಪ್ರಶ್ನೆಗಿಂತ ಮುಂಚೆಯೇ ಓದಿಕೊಳ್ಳುತ್ತದೆ. ನಾವು ಆರಿಸಿದ್ದು ಇದನ್ನೇ.

ಜಿಝಡ್ ಬಿಚ್ಚಿ, ಫೈಲುಗಳ ಕಟ್ಟು ಮಾಡುವ ಸಿಪಿಐಒ ಆಜ್ಞೆಗೆ ನ್ಯೂಸಿ ಮಾದರಿ ಹೇಳಿ, ದೊಡ್ಡಕ್ಷರದ ಎ ಮತ್ತು ಎಫ್ ಆಯ್ಕೆಗಳಿಂದ ಹಳೆಯ ಕಟ್ಟಿನ ಕೊನೆಗೆ ಪ್ರಿಸೀಡ್ ಫೈಲನ್ನು ಸೇರಿಸಿ, ಮತ್ತೆ ಜಿಝಿಪ್ ಮಾಡಿ. ಸೇರಿಸುವಾಗ ಫೈಲು ಇರುವ ಫೋಲ್ಡರಿನೊಳಗೇ ನಿಂತಿರಬೇಕು. ಬೇರೆಡೆಯಿಂದ ಪೂರ್ತಿ ದಾರಿ ಕೊಟ್ಟರೆ ಅದು ಕಟ್ಟಿನೊಳಗೆ ನಾಲ್ಕು ಫೋಲ್ಡರು ಆಳದಲ್ಲಿ ಹೋಗಿ ಕೂರುತ್ತದೆ, ಇನ್‌ಸ್ಟಾಲರ್ ಅಲ್ಲಿಗೆ ಹೋಗಿ ನೋಡುವುದಿಲ್ಲ. ಮುಗಿದ ಮೇಲೆ ಕಟ್ಟಿನ ಪಟ್ಟಿ ತೆಗೆದು ಹೆಸರು ಬರಿದಾಗಿ, ದಾರಿಯಿಲ್ಲದೆ ಕಾಣುತ್ತಿದೆಯೇ ಎಂದು ನೋಡಿ. ಎರಡು ಕಟ್ಟುಗಳನ್ನು ಕ್ಯಾಟ್ ಆಜ್ಞೆಯಿಂದ ಒಂದರ ಹಿಂದೊಂದು ಅಂಟಿಸಿದರೂ ಕರ್ನಲ್ ಓದುತ್ತದೆ. ಆದರೆ ಸಿಪಿಐಒ ಪಟ್ಟಿ ಮೊದಲ ಕಟ್ಟಿನ ಕೊನೆಗೇ ನಿಂತುಬಿಡುತ್ತದೆ, ಸೇರಿದೆಯೋ ಇಲ್ಲವೋ ಖಾತ್ರಿ ಮಾಡಿಕೊಳ್ಳಲಾಗುವುದಿಲ್ಲ.

ಇಲ್ಲಿ ಹೆಚ್ಚು ಜನ ಎಡವುವ ಕಡೆ ಇನ್ನೊಂದಿದೆ. ಇಮೇಜಿನಲ್ಲಿ ಇನಿಟ್‌ಆರ್‌ಡಿ ಎರಡಿವೆ: ಟೆಕ್ಸ್ಟ್ ಇನ್‌ಸ್ಟಾಲರಿನದು ಒಂದು, ಜಿಟಿಕೆ ಫೋಲ್ಡರಿನೊಳಗೆ ಗ್ರಾಫಿಕಲ್ ಇನ್‌ಸ್ಟಾಲರಿನದು ಇನ್ನೊಂದು. ಮೊದಲನೆಯದರಲ್ಲಿ ಪ್ರಿಸೀಡ್ ಇಟ್ಟು, ಮೆನುವಿನಲ್ಲಿ ತಾನಾಗಿ ಆಯ್ಕೆಯಾಗಿರುವ ‘ಗ್ರಾಫಿಕಲ್ ಇನ್‌ಸ್ಟಾಲ್’ ಒತ್ತಿದರೆ ಎಲ್ಲ ಪ್ರಶ್ನೆಯೂ ಮೊದಲಿನಂತೆಯೇ ಬರುತ್ತವೆ. ಫೈಲು ಸರಿಯಾಗಿಯೇ ಇರುತ್ತದೆ, ಹೊಕ್ಕ ಬಾಗಿಲು ಬೇರೆ. ನಾವು ಈ ಎರಡನ್ನು ಬೇಕೆಂದೇ ಬೇರೆಯಾಗಿ ಉಳಿಸಿಕೊಂಡೆವು. ಟೆಕ್ಸ್ಟ್ ಬಾಗಿಲು ವಾಚನಾಲಯದ್ದು, ಗ್ರಾಫಿಕಲ್ ಬಾಗಿಲು ಡೆಬಿಯನ್ ಕೊಟ್ಟಂತೆಯೇ ಇರುವುದು. ಕೆಟ್ಟ ಯಂತ್ರ ರಿಪೇರಿ ಮಾಡುವಾಗಲೂ ಗ್ರಾಫಿಕಲ್ ರೆಸ್ಕ್ಯೂ ಮೋಡನ್ನೇ ಬಳಸಿ, ಟೆಕ್ಸ್ಟ್ ರೆಸ್ಕ್ಯೂನಲ್ಲಿ ನಮ್ಮ ಉತ್ತರಗಳು ಅಡ್ಡ ಬರುತ್ತವೆ. ಟೆಕ್ಸ್ಟ್ ಇನ್‌ಸ್ಟಾಲರಿನಲ್ಲಿ ಕನ್ನಡ ಕಾಣುವುದಿಲ್ಲ, ಒತ್ತಕ್ಷರ ಕೂಡಿಸುವ ಶಕ್ತಿ ಆ ಪರದೆಗಿಲ್ಲ. ಕನ್ನಡ ಬೇಕಿರುವುದು ಇನ್‌ಸ್ಟಾಲ್ ಆದ ಮೇಲೆ ತಾನೆ, ಹಾಗಾಗಿ ಅದರಿಂದ ನಷ್ಟವೇನಿಲ್ಲ.

ಮೆನು ಫೈಲುಗಳಲ್ಲಿ ಟೆಕ್ಸ್ಟ್ ಇನ್‌ಸ್ಟಾಲಿನ ಹೆಸರು ಬದಲಿಸಿ, ಬೂಟ್ ಸಾಲಿಗೆ ‘ಆಟೋ ಈಕ್ವಲ್ ಟ್ರೂ’, ‘ಪ್ರಯಾರಿಟಿ ಈಕ್ವಲ್ ಕ್ರಿಟಿಕಲ್’ ಎರಡನ್ನೂ ಸೇರಿಸಿದೆವು. ಟೈಮ್‌ಔಟ್ ಮುಟ್ಟಲಿಲ್ಲ. ಮುಟ್ಟುವವರಿಗೆ ಒಂದು ಮಾತು: ಐಸೊಲಿನಕ್ಸ್ ಎಣಿಸುವುದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ, ಗ್ರಬ್ ಎಣಿಸುವುದು ಸೆಕೆಂಡಿನಲ್ಲಿ. ಒಂದರಲ್ಲಿ 50 ಎಂದರೆ ಐದು ಸೆಕೆಂಡು, ಇನ್ನೊಂದರಲ್ಲಿ ಹೆಚ್ಚುಕಡಿಮೆ ಒಂದು ನಿಮಿಷ.

ಪ್ರಿಸೀಡ್ ಸಾಲುಗಳು

ಭಾಷೆ ಭಾರತೀಯ ಇಂಗ್ಲಿಷ್, ಸಮಯ ಏಷ್ಯಾ ಕೋಲ್ಕತಾ, ಡೆಸ್ಕ್‌ಟಾಪು ಎಕ್ಸ್‌ಎಫ್‌ಸಿಇ. ರೂಟ್ ಲಾಗಿನ್ ಮುಚ್ಚಿದೆ, ಮೊದಲ ಬಳಕೆದಾರರಿಗೆ ಸುಡೊ (ಆಡಳಿತದ ಆಜ್ಞೆ ಓಡಿಸುವ) ಅಧಿಕಾರ ತಾನಾಗಿ ಬರುತ್ತದೆ. ಪಾಸ್‌ವರ್ಡನ್ನು ಇದ್ದಂತೆಯೇ ಬರೆಯಬೇಡಿ. ಪೆನ್‌ಡ್ರೈವ್ ಕೈಗೆ ಸಿಕ್ಕ ಯಾರು ಬೇಕಾದರೂ ಇನಿಟ್‌ಆರ್‌ಡಿ ಬಿಚ್ಚಿ ಓದಬಹುದು. ಹೂಈಸ್ ಪ್ಯಾಕೇಜಿನ ಜೊತೆ ಬರುವ ಎಂಕೆಪಾಸ್‌ಡಬ್ಲ್ಯುಡಿಯಿಂದ ಎಸ್‌ಎಚ್‌ಎ512 ಹ್ಯಾಶ್ ಮಾಡಿ ‘ಕ್ರಿಪ್ಟೆಡ್’ ಸಾಲಿನಲ್ಲಿ ಇಡಿ.

ಪ್ರಿಸೀಡ್ ಸಾಲಿನಲ್ಲಿ ಬಗೆ ಮತ್ತು ಉತ್ತರದ ನಡುವೆ ಒಂದೇ ಒಂದು ಖಾಲಿ ಜಾಗ ಇರಬೇಕು. ಅಂದ ಕಾಣಲೆಂದು ಎರಡು ಬಿಟ್ಟರೆ ಎರಡನೆಯದು ಉತ್ತರದ ಭಾಗವಾಗುತ್ತದೆ, ಆ ಉತ್ತರ ಹೊಂದುವುದಿಲ್ಲ. ವಿಂಡೋಸ್ ನೋಟ್‌ಪ್ಯಾಡಿನಲ್ಲಿ ತಿದ್ದಿ ಸಾಲಿನ ಕೊನೆಗೆ ವಿಂಡೋಸ್ ಗುರುತು ಅಂಟಿದ್ದರೂ ಇದೇ ಗತಿ. ಕಟ್ಟುವ ಮುಂಚೆ ಡೆಬ್‌ಕಾನ್ಫ್ ಸೆಟ್ ಸೆಲೆಕ್ಷನ್ಸ್ ಆಜ್ಞೆಗೆ ಚಿಕ್ಕಕ್ಷರದ ಸಿ ಆಯ್ಕೆ ಕೊಟ್ಟು ಫೈಲಿನ ರೂಪ ತಪಾಸಿಸಿ. ಪ್ಯಾಕೇಜಿನ ಹೆಸರು ಅದರಿಂದ ತಪಾಸಣೆಯಾಗುವುದಿಲ್ಲ. ಹೆಚ್ಚುವರಿ ಪ್ಯಾಕೇಜುಗಳ ಸಾಲಿನಲ್ಲಿ ಒಂದು ಅಕ್ಷರ ತಪ್ಪಿದರೂ ಸಾಫ್ಟ್‌ವೇರ್ ಹಾಕುವ ಹಂತದಲ್ಲಿ ಕೆಂಪು ಪರದೆ ಬರುತ್ತದೆ. ಆಲ್ಟ್ ಮತ್ತು ಎಫ್4 ಒತ್ತಿದರೆ ಯಾವ ಹೆಸರು ಸಿಗಲಿಲ್ಲವೆಂದು ಲಾಗ್ ತೋರಿಸುತ್ತದೆ.

ಎಂಟೂ ಯಂತ್ರ ಒಂದೊಂದಾಗಿ ಇಂಟರ್ನೆಟ್ಟಿನಿಂದ ಎಲ್ಲವನ್ನೂ ಎಳೆಯುವುದು ಬೇಡವೆಂದು ಒಂದು ಲ್ಯಾಪ್‌ಟಾಪಿನಲ್ಲಿ, ಇಳಿದ ಪ್ಯಾಕೇಜುಗಳನ್ನು ಉಳಿಸಿಟ್ಟು ಹಂಚುವ ಎಪಿಟಿ ಕ್ಯಾಶರ್ ಎನ್‌ಜಿ ಓಡಿಸಿ, ಪ್ರಿಸೀಡಿನ ಪ್ರಾಕ್ಸಿ ಸಾಲಿನಲ್ಲಿ ಅದರ ವಿಳಾಸ ಮತ್ತು 3142 ಪೋರ್ಟು ಕೊಟ್ಟೆವು. ಮೊದಲ ಯಂತ್ರ ಎಳೆದದ್ದೇ ಉಳಿದವಕ್ಕೂ ಸಿಗುತ್ತದೆ. ಇದರ ಬೆನ್ನಿಗೊಂದು ತೊಂದರೆಯೂ ಇದೆ: ಇನ್‌ಸ್ಟಾಲರ್ ಆ ಪ್ರಾಕ್ಸಿಯನ್ನು ಹೊಸ ವ್ಯವಸ್ಥೆಯ ಎಪಿಟಿ.ಕಾನ್ಫ್‌ನಲ್ಲಿಯೂ ಬರೆದಿಡುತ್ತದೆ. ಲ್ಯಾಪ್‌ಟಾಪ್ ಮನೆಗೆ ಹೋದ ದಿನದಿಂದ ಅಪ್‌ಡೇಟೆಲ್ಲ ನಿಂತುಹೋಗುತ್ತದೆ. ಕೊನೆಯ ಹಂತದಲ್ಲಿ ಆ ಸಾಲು ಅಳಿಸಲೇಬೇಕು.

ಡಿಸ್ಕಿನ ವಿಷಯ

ಪ್ರಿಸೀಡ್ ಮಾದರಿಗಳಲ್ಲೆಲ್ಲ ಡಿಸ್ಕೆಂದರೆ ಎಸ್‌ಡಿಎ ಎಂದೇ ಬರೆದಿರುತ್ತದೆ. ಪೆನ್‌ಡ್ರೈವಿನಿಂದ ಬೂಟ್ ಮಾಡಿದಾಗ ಎಸ್‌ಡಿಎ ಎಂಬ ಹೆಸರು ಪೆನ್‌ಡ್ರೈವಿಗೇ ಹೋಗಿ, ಎಸ್‌ಎಸ್‌ಡಿ ಎಸ್‌ಡಿಬಿ ಆಗುವುದುಂಟು. ಯಾವುದನ್ನು ಕರ್ನಲ್ ಮೊದಲು ಕಂಡಿತೋ ಅದಕ್ಕೆ ಮೊದಲ ಹೆಸರು. ಆಗ ಇನ್‌ಸ್ಟಾಲರ್ ಪೆನ್‌ಡ್ರೈವನ್ನೇ ಅಳಿಸಲು ಹೋಗಿ ಅರ್ಧದಲ್ಲಿ ನಿಲ್ಲುತ್ತದೆ. ಇದಕ್ಕಿಂತ ಕೆಟ್ಟದ್ದು ಗ್ರಬ್ ವಿಷಯದಲ್ಲಿ ಆಗುತ್ತದೆ. ವ್ಯವಸ್ಥೆ ಎಸ್‌ಎಸ್‌ಡಿಯಲ್ಲಿ ಸರಿಯಾಗಿ ಕೂತು, ಬೂಟ್ ಲೋಡರ್ ಪೆನ್‌ಡ್ರೈವಿನ ಎಂಬಿಆರ್‌ಗೆ ಹೋಗುತ್ತದೆ. ಪೆನ್‌ಡ್ರೈವ್ ಚುಚ್ಚಿದ್ದಾಗ ಯಂತ್ರ ಏಳುತ್ತದೆ, ತೆಗೆದರೆ ಏಳುವುದಿಲ್ಲ. ಪೆನ್‌ಡ್ರೈವೂ ಇನ್‌ಸ್ಟಾಲರಾಗಿ ಉಳಿದಿರುವುದಿಲ್ಲ. ಗ್ರಬ್ ಸಾಲಿಗೆ ‘ಡೀಫಾಲ್ಟ್’ ಎಂಬ ಉತ್ತರವೂ ಮೊದಲ ಡಿಸ್ಕು ಪೆನ್‌ಡ್ರೈವಲ್ಲ ಎಂದು ನಂಬಿಕೊಂಡೇ ನಡೆಯುತ್ತದೆ.

ಹೆಸರು ಬರೆದಿಡದೆ ಅಲ್ಲೇ ಹುಡುಕಿಸುವುದೇ ಇದಕ್ಕೆ ದಾರಿ. ಇನ್‌ಸ್ಟಾಲರಿನಲ್ಲಿ ಡಿಸ್ಕನ್ನು ಭಾಗ ಮಾಡುವ ಪಾರ್ಟ್‌ಮನ್ನಿನ ‘ಅರ್ಲಿ ಕಮಾಂಡ್’ ಸಾಲಿನಲ್ಲಿ ಚಿಕ್ಕ ಲೂಪು ಇಟ್ಟೆವು. ಲಿಸ್ಟ್ ಡಿವೈಸಸ್ ಡಿಸ್ಕ್ ಕೊಡುವ ಪ್ರತಿ ಹೆಸರಿಗೂ, ಸಿಸ್ ಫೋಲ್ಡರಿನ ಬ್ಲಾಕ್ ಪಟ್ಟಿಯಲ್ಲಿ ಅದರ ಕೊಂಡಿ ಎಲ್ಲಿಗೆ ಹೋಗುತ್ತದೆಂದು ರೀಡ್‌ಲಿಂಕ್‌ನಿಂದ ನೋಡುತ್ತದೆ. ಆ ದಾರಿಯಲ್ಲಿ ಯುಎಸ್‌ಬಿ ಎಂಬ ಮೂರಕ್ಷರವಿದ್ದರೆ ಬಿಟ್ಟು ಮುಂದಕ್ಕೆ ಹೋಗುತ್ತದೆ. ಇಲ್ಲದಿದ್ದರೆ ಆ ಡಿಸ್ಕಿನ ಹೆಸರನ್ನು ಡೆಬ್‌ಕಾನ್ಫ್ ಸೆಟ್‌ನಿಂದ ಪಾರ್ಟಿಷನ್ನಿಗೂ ಗ್ರಬ್‌ಗೂ ಒಟ್ಟಿಗೇ ಕೊಟ್ಟು ನಿಲ್ಲುತ್ತದೆ. ಎರಡಕ್ಕೂ ಒಂದೇ ಕಡೆಯಿಂದ ಉತ್ತರ ಹೋಗುವುದು ಮುಖ್ಯ.

ಇಷ್ಟೆಲ್ಲ ತಾನಾಗಿ ನಡೆಯುವಂತೆ ಮಾಡಿದರೂ ಒಂದು ಪ್ರಶ್ನೆಯನ್ನು ಉಳಿಸಿಕೊಂಡಿದ್ದೇವೆ: ಬದಲಾವಣೆಗಳನ್ನು ಡಿಸ್ಕಿಗೆ ಬರೆಯಲೇ ಎಂಬ ಕೊನೆಯದು. ಪಾರ್ಟ್‌ಮನ್ ಕನ್ಫರ್ಮ್ ಎಂಬ ಸಾಲನ್ನು ಬೇಕೆಂದೇ ಬರೆದಿಲ್ಲ. ದಾನಕ್ಕೆ ಬಂದ ಯಂತ್ರದ ಡಿಸ್ಕಿನಲ್ಲಿ ಯಾರದೋ ಮದುವೆಯ ಫೋಟೋ ಇರಬಹುದು, ಸಂಘದ ಹಳೆಯ ಮಹಾಸಭೆಯ ನಡಾವಳಿ ಇರಬಹುದು. ಎಂಟು ಸಲ ಎಂಟರ್ ಒತ್ತುವ ಶ್ರಮ ಅದರ ಮುಂದೆ ಏನೂ ಅಲ್ಲ. ಡೆಸ್ಕ್‌ಟಾಪುಗಳಲ್ಲಿ ಪರದೆಯಲ್ಲಿ ಕಾಣುವ ಡಿಸ್ಕಿನ ಗಾತ್ರ 240 ಜಿಬಿ ಆಸುಪಾಸು ಇದೆಯೇ ಎಂದು ಓದಿಕೊಂಡೇ ಹೌದು ಎನ್ನಬೇಕು.

ಕೊನೆಯ ಹಂತ: ಓದು ಫೋಲ್ಡರು

ಪ್ರಿಸೀಡಿನ ‘ಲೇಟ್ ಕಮಾಂಡ್’ ಸಾಲು ಇನ್‌ಸ್ಟಾಲ್ ಮುಗಿಯುವ ಮುನ್ನ ಓಡುತ್ತದೆ. ಸಿಡಿರಾಮ್ ದಾರಿಯಲ್ಲಿರುವ ನಮ್ಮ ಫೋಲ್ಡರನ್ನು ಮೊದಲು ಟಾರ್ಗೆಟ್‌ನೊಳಗಿನ (ಹೊಸ ವ್ಯವಸ್ಥೆ ಕೂರುವ ಜಾಗದ) ಆಪ್ಟ್‌ಗೆ ಕಾಪಿ ಮಾಡಿ, ಆಮೇಲೆ ಇನ್‌ಟಾರ್ಗೆಟ್‌ನಿಂದ ಸ್ಕ್ರಿಪ್ಟು ಓಡಿಸಬೇಕು. ಇನ್‌ಟಾರ್ಗೆಟ್ ಒಳಗೆ ಹೋದ ಮೇಲೆ ಬೇರು ಫೋಲ್ಡರೇ ಬದಲಾಗುವುದರಿಂದ ಸಿಡಿಯ ದಾರಿ ಅಲ್ಲಿ ಸಿಗುವುದಿಲ್ಲ.

ಸ್ಕ್ರಿಪ್ಟಿನ ಕೆಲಸ ಇಷ್ಟು. ಪ್ರಾಕ್ಸಿ ಸಾಲು ಅಳಿಸುವುದು. ನೆಟ್‌ವರ್ಕ್ ಕಾರ್ಡಿನ ಮ್ಯಾಕ್ ವಿಳಾಸದ ಕೊನೆಯ ನಾಲ್ಕು ಅಂಕಿ ಹಿಡಿದು ಯಂತ್ರಕ್ಕೆ ಬೇರೆ ಬೇರೆ ಹೆಸರಿಡುವುದು. ಹೆಸರನ್ನು ಹೋಸ್ಟ್ಸ್ ಫೈಲಿನ 127.0.1.1 ಸಾಲಿನಲ್ಲೂ ಬದಲಿಸದಿದ್ದರೆ ಸುಡೊ ಪ್ರತಿ ಸಲ ಗೊಣಗುತ್ತದೆ. ಓದುಗರಿಗೊಂದು ಖಾತೆ ತೆರೆಯುವುದು. ಲೊಕೇಲ್ (ಭಾಷೆ ಮತ್ತು ಪ್ರದೇಶದ ಹೊಂದಿಕೆ) ಪಟ್ಟಿಯಲ್ಲಿ ಕನ್ನಡ, ಮರಾಠಿ ತೆರೆಯುವುದು. ಈ ಪಟ್ಟಿಯಲ್ಲಿ ಅಮೆರಿಕನ್ ಇಂಗ್ಲಿಷಿನ ಹೆಸರಿಗೆ ಚುಕ್ಕೆ ಯುಟಿಎಫ್8 ಎಂಬ ಬಾಲವಿದೆ, ಕನ್ನಡದ ಕೆಎನ್‌ಐಎನ್ ಹೆಸರಿಗೆ ಆ ಬಾಲವಿಲ್ಲ, ಒಂದು ಜಾಗ ಬಿಟ್ಟು ಯುಟಿಎಫ್8 ಎಂದಷ್ಟೇ ಇದೆ. ಫೈಲಿನಲ್ಲಿ ಸಾಲು ಹುಡುಕಿ ಬದಲಿಸುವ ಸೆಡ್ ಆಜ್ಞೆಗೆ ಇಂಗ್ಲಿಷಿಗೆಂದು ಬರೆದ ಸಾಲನ್ನು ಹಾಗೇ ಕನ್ನಡಕ್ಕೆ ತಿರುಗಿಸಿದರೆ ಅದು ಯಾವ ಸಾಲಿಗೂ ಹೊಂದುವುದಿಲ್ಲ, ತಪ್ಪೆಂದೂ ಹೇಳುವುದಿಲ್ಲ.

ಕೀಲಿಮಣೆಗೆ ಹೆಚ್ಚು ಹೊತ್ತು ಹಿಡಿಯಿತು, ಹಿಡಿಯಬೇಕಾದದ್ದೇ. ಲಿನಕ್ಸಿನ ಮೂಲ ಕೀಲಿಮಣೆ ವ್ಯವಸ್ಥೆಯಾದ ಎಕ್ಸ್‌ಕೆಬಿಯಲ್ಲಿ ಕನ್ನಡ ಇನ್‌ಸ್ಕ್ರಿಪ್ಟ್ ಇದೆ, ಕಗಪ ಎಂಬ ಧ್ವನ್ಯಾನುಸಾರಿ ವಿನ್ಯಾಸವೂ ಇದೆ. ಹೆಸರು ನೋಡಿ ಕಗಪವನ್ನೇ ಕೊಟ್ಟರೆ ನುಡಿಯಲ್ಲಿ ಪಳಗಿದವರ ಕೈ ಎರಡನೇ ಪದಕ್ಕೇ ನಿಲ್ಲುತ್ತದೆ. ಎಕ್ಸ್‌ಕೆಬಿಗೆ ಹಿಂದಿನ ಅಕ್ಷರದ ನೆನಪಿಲ್ಲ. ಇಂಗ್ಲಿಷಿನ ಐ ಅಕ್ಷರದ ಕೀಲಿ ಒತ್ತಿದಾಗ ಪದದ ಮೊದಲಲ್ಲಿ ‘ಇ’, ಕ ಆದ ಮೇಲೆ ‘ಕಿ’ ಎಂದು ಸಂದರ್ಭ ನೋಡಿ ಬದಲಿಸುವುದು ಅದಕ್ಕೆ ಸಾಧ್ಯವಿಲ್ಲ. ಎಂ17ಎನ್ ಎಂಬ ಬಹುಭಾಷಾ ಟೈಪಿಂಗ್ ಸಾಧನ ಮಾಡುವುದು ಅದನ್ನೇ. ಹಾಗಾಗಿ ಐಬಸ್ ಎಂ17ಎನ್ ಪ್ಯಾಕೇಜು ಹಾಕಿ, ಅದರ ಕೆಎನ್ ಕೆಜಿಪಿ ವಿಧಾನವನ್ನು ಕನ್ನಡಕ್ಕೂ, ಇನ್‌ಸ್ಕ್ರಿಪ್ಟನ್ನು ಮರಾಠಿಗೂ ಕೊಟ್ಟೆವು. ಎಲ್ಲ ಖಾತೆಗೂ ಇದು ಮೊದಲೇ ಸಿದ್ಧವಿರಬೇಕಾದರೆ ಹೊಂದಿಕೆಗಳನ್ನು ಕಾಪಾಡುವ ಡಿಕಾನ್ಫ್‌ನ ಲೋಕಲ್ ಫೋಲ್ಡರಿನಲ್ಲಿ ಐಬಸ್ಸಿನ ಪ್ರಿಲೋಡ್ ಎಂಜಿನ್ಸ್ ಸಾಲು ಬರೆದು, ಪ್ರೊಫೈಲ್ ಫೈಲಿನಲ್ಲಿ ಯೂಸರ್ ಮತ್ತು ಲೋಕಲ್ ಎರಡನ್ನೂ ಹೆಸರಿಸಿ, ಡಿಕಾನ್ಫ್ ಅಪ್‌ಡೇಟ್ ಕೊಡಬೇಕು. ಆ ಆಜ್ಞೆ ಬರುವುದು ಡಿಕಾನ್ಫ್ ಸಿಎಲ್‌ಐ ಪ್ಯಾಕೇಜಿನಿಂದ, ಅದನ್ನು ಪಟ್ಟಿಗೆ ಸೇರಿಸಲು ಮರೆಯಬೇಡಿ. ಲಿಬ್ರೆಆಫೀಸಿಗೆ ಜಿಟಿಕೆ3 ಪ್ಯಾಕೇಜೂ ಬೇಕು. ಫೈರ್‌ಫಾಕ್ಸಿನಲ್ಲಿ ಕನ್ನಡ ಬರುತ್ತದೆ, ರೈಟರಿನಲ್ಲಿ ಬರುವುದಿಲ್ಲ ಎಂದರೆ ಮೊದಲು ನೋಡಬೇಕಾದದ್ದು ಅದನ್ನು.

ಅಕ್ಷರಗಳಿಗೆ ಫಾಂಟ್ಸ್ ಕೆಎನ್‌ಡಿಎ ಎಂಬ ಕೂಟ ಪ್ಯಾಕೇಜು ಗುಬ್ಬಿ, ನವಿಲು ಫಾಂಟುಗಳನ್ನು ತರುತ್ತದೆ. ಜೊತೆಗೆ ನೋಟೊ ಕೋರ್.

ಮತ್ತೆ ಕಟ್ಟುವುದು, ಪರೀಕ್ಷೆ

ಎಂಡಿ5 ಪಟ್ಟಿಯಲ್ಲಿ ಬದಲಾದ ಮೂರು ಫೈಲುಗಳ ಸಾಲು ಮಾತ್ರ ತಿದ್ದಿ. ಇದು ತಪ್ಪಿದರೂ ಇನ್‌ಸ್ಟಾಲ್ ನಿಲ್ಲುವುದಿಲ್ಲ. ಆದರೆ ಮುಂದೊಂದು ದಿನ ಪೆನ್‌ಡ್ರೈವ್ ಹಳತಾಗಿ, ಯಾರಾದರೂ ಮೆನುವಿನಿಂದ ಡಿಸ್ಕ್ ತಪಾಸಣೆ ಮಾಡಿದರೆ ಸರಿಯಿರುವುದನ್ನೂ ಕೆಟ್ಟಿದೆ ಎಂದು ಹೇಳುತ್ತದೆ.

ಎಕ್ಸ್‌ಒರಿಸೋಗೆ ಇನ್‌ಡೆವ್ ಮೂಲ ಇಮೇಜು, ಔಟ್‌ಡೆವ್ ಹೊಸ ಇಮೇಜು. ಪ್ರತಿ ಫೈಲಿಗೂ ಮ್ಯಾಪ್ ಎಂದು ಹೊರಗಿನ ಹೆಸರು, ಒಳಗಿನ ದಾರಿ. ಓದು ಫೋಲ್ಡರಿಗೂ ಹಾಗೆಯೇ. ಕೊನೆಗೆ ‘ಬೂಟ್ ಇಮೇಜ್ ಎನಿ ರಿಪ್ಲೇ’. ಈ ಕೊನೆಯ ಮಾತೇ ಮೂಲ ಇಮೇಜಿನ ಎಲ್ ಟೊರಿಟೊ, ಎಂಬಿಆರ್, ಇಎಫ್‌ಐ ಭಾಗಗಳನ್ನೆಲ್ಲ ಇದ್ದಂತೆಯೇ ಹೊಸದರಲ್ಲಿ ಎಬ್ಬಿಸುವುದು. ಔಟ್‌ಡೆವ್ ಫೈಲು ಮೊದಲೇ ಇರಬಾರದು, ಹಿಂದಿನ ಪ್ರಯತ್ನದ್ದಿದ್ದರೆ ಅಳಿಸಿ ಓಡಿಸಿ.

ವರ್ಚುವಲ್ ಯಂತ್ರ ಓಡಿಸುವ ಕ್ಯೂಇಎಂಯುನಲ್ಲಿ ಸಿಡಿರಾಮ್ ಎಂದು ಕೊಟ್ಟು ಪರೀಕ್ಷಿಸಿದರೆ ಎಂಬಿಆರ್ ಸರಿಯಿದೆಯೇ, ಡಿಸ್ಕು ಹುಡುಕುವ ಲೂಪು ನಡೆಯುತ್ತದೆಯೇ ಎಂಬ ಎರಡೂ ಗೊತ್ತಾಗುವುದಿಲ್ಲ. ಇಮೇಜನ್ನು ಯುಎಸ್‌ಬಿ ಸ್ಟೋರೇಜ್ ಸಾಧನವಾಗಿ ಜೋಡಿಸಿ ಓಡಿಸಿ. ವರ್ಚುವಲ್ ಯಂತ್ರಕ್ಕೆ ಯುಇಎಫ್‌ಐ ಕೊಡುವ ಓವಿಎಂಎಫ್ ಹಾಕಿ ಅದರಲ್ಲೂ ಒಮ್ಮೆ ನೋಡಿ, ಮುಂದೆ ಹೊಸ ಯಂತ್ರ ಬಂದೀತು. ಸೆಕ್ಯೂರ್ ಬೂಟ್ ಇದ್ದರೂ ತೊಂದರೆಯಿಲ್ಲ, ಸಹಿಯ ತಪಾಸಣೆ ಶಿಮ್, ಗ್ರಬ್, ಕರ್ನಲ್‌ಗಳದ್ದು, ಇನಿಟ್‌ಆರ್‌ಡಿಯದ್ದಲ್ಲ.

ಪೆನ್‌ಡ್ರೈವಿಗೆ ಬರೆಯುವಾಗ ಡಿಡಿ ಆಜ್ಞೆಗೆ ಎಫ್‌ಸಿಂಕ್ ಆಯ್ಕೆ ಕೊಡಿ, ಪ್ರಾಂಪ್ಟ್ ಮರಳುವವರೆಗೆ ಕೀಳಬೇಡಿ. ವಿಂಡೋಸಿನ ರೂಫಸ್‌ನಲ್ಲಾದರೆ ಡಿಡಿ ಮೋಡನ್ನೇ ಆರಿಸಿ.

ನೆಟ್‌ಬುಕ್ಕಿನ 32 ಬಿಟ್ ಇಮೇಜಿಗೆ ಇದೇ ಕ್ರಮ, ಫೋಲ್ಡರಿನ ಹೆಸರು ಮಾತ್ರ ಇನ್‌ಸ್ಟಾಲ್.386. ಆ ಇಮೇಜಿನ ಇನಿಟ್‌ಆರ್‌ಡಿಯನ್ನೇ ತೆಗೆದು ತಿದ್ದಬೇಕು. 64 ಬಿಟ್‌ಗೆ ತಿದ್ದಿದ್ದನ್ನು ಇದಕ್ಕೆ ಹಾಕಿದರೆ ಒಳಗಿನ ಪ್ರೋಗ್ರಾಮುಗಳು 32 ಬಿಟ್ ಕರ್ನಲ್ಲಿನ ಮೇಲೆ ಓಡಲಾರದೆ ಬೂಟಿನಲ್ಲೇ ಪ್ಯಾನಿಕ್ ಆಗುತ್ತದೆ. 1 ಜಿಬಿ ರ್‍ಯಾಮಿಗೆ ಎಕ್ಸ್‌ಎಫ್‌ಸಿಇ ಬದಲು ಎಲ್‌ಎಕ್ಸ್‌ಡಿಇ ಇಟ್ಟು, ಲಿಬ್ರೆಆಫೀಸ್ ಕೈಬಿಟ್ಟೆವು. ಆ ಎರಡೂ ಪುಸ್ತಕ ಹುಡುಕುವ ಮೇಜಿನ ಮೇಲೆ ಕೂತಿವೆ. ಎರಡು ಪೆನ್‌ಡ್ರೈವುಗಳ ಮೇಲೆ 64, 32 ಎಂದು ಬಣ್ಣದ ಟೇಪಿನಲ್ಲಿ ಬರೆದು, ಪ್ರಿಸೀಡ್ ಫೈಲಿನ ಮುದ್ರಿತ ಪ್ರತಿಯೊಂದಿಗೆ ಗ್ರಂಥಪಾಲಕರ ಕಪಾಟಿನಲ್ಲಿ ಇಟ್ಟಿದೆ.